ಪಾಸ್ಕ ಬೆಂಕಿ, ಕಾಡಿನ ಬೆಂಕಿ

(ಪಾಸ್ಕ ಜಾಗರಣೆಯ ಪ್ರಬೋಧನೆ)



ಈ ರಾತ್ರಿ ದೇವಾಲಯದ ಅಂಗಳದಲ್ಲಿ ಹೊಸ ಬೆಂಕಿಯನ್ನು ಆಶೀರ್ವದಿಸಿ, ಅದರಿಂದ ಪಾಸ್ಕ ದೀಪವನ್ನು ಹಚ್ಚಿಕೊಂಡು ನಾವು ಒಳಗೆ ಬಂದೆವು. ಒಂದೇ ಜ್ವಾಲೆ ಕೈಯಿಂದ ಕೈಗೆ ಸಾಗಿ ಎಲ್ಲರ ಮುಖವನ್ನೂ ಬೆಳಗಿತು. ಪಕ್ಕದವರ ಸೆರಗಿಗೆ ತಾಗದಂತೆ ಅದನ್ನು ಎಷ್ಟು ಎಚ್ಚರದಿಂದ ಹಿಡಿದೆವು! ಪಾಸ್ಕ ಹಬ್ಬ ಬರುವುದು ನಮ್ಮ ಕಾಡುಗಳು ಒಣಗಿ ನಿಲ್ಲುವ ಬೇಸಿಗೆಯಲ್ಲಿ. ಅಲ್ಲಿಯೂ ಒಂದು ಕಿಡಿ ಸಾಕು. ಆದರೆ ಅದು ಬೆಳಗುವುದಿಲ್ಲ, ಸುಡುತ್ತದೆ.

ಬೇಸಿಗೆಯಲ್ಲಿ ಬಂಡೀಪುರದ ಕಾಡು ಸತ್ತಂತೆ ಕಾಣುತ್ತದೆ. ಅದು ಸತ್ತಿಲ್ಲ. ಒಳಗಿನ ನೀರನ್ನು ಉಳಿಸಿಕೊಳ್ಳಲು ತೇಗ, ಮತ್ತಿ ಮರಗಳು ತಾವೇ ಎಲೆ ಉದುರಿಸುತ್ತವೆ. ಎಲೆಯಿಲ್ಲದ ಮುತ್ತುಗ ಕೆಂಪಗೆ ಹೂಬಿಡುತ್ತದೆ. ಸಾಗಡೆ ಮರ ಮಳೆಗೆ ಮುಂಚೆಯೇ ಕೆಂಪು ಚಿಗುರು ತೊಡುತ್ತದೆ. ಮೊದಲ ಮಳೆಯ ನಂತರ ಹುಳುಗಳು ತೇಗದ ಎಳೆ ಎಲೆಗಳನ್ನೆಲ್ಲ ತಿಂದರೂ ಮರ ಮತ್ತೆ ಚಿಗುರುತ್ತದೆ. ಬೆಳವಣಿಗೆ ಕುಂಠಿತವಾದೀತು, ಸಾಮಾನ್ಯವಾಗಿ ಪ್ರಾಣ ಹೋಗದು. ಸೃಷ್ಟಿಕರ್ತರು ಮರದೊಳಗೇ ಆ ಶಕ್ತಿಯನ್ನು ಇಟ್ಟಿದ್ದಾರೆ.

ಬೆಂಕಿಯ ಮಾತು ಬೇರೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 10,000 ಎಕರೆಗೂ ಹೆಚ್ಚು ಕಾಡು ಸುಟ್ಟುಹೋಯಿತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಒಣಗಿದ ಲಂಟಾನ ಪೊದೆಗಳು ನೆಲದ ಬೆಂಕಿಯನ್ನು ಮರದ ಮೇಲಕ್ಕೆ ಏರಿಸುತ್ತವೆ. ಮಳೆ ಬಿದ್ದ ಮೇಲೆ ಹಸಿರು ಮರಳಿತಲ್ಲ ಎಂದು ನಾವು ಸಮಾಧಾನಪಡುತ್ತೇವೆ. ಆದರೆ ದೊಡ್ಡ ಮರ ಉಳಿದರೂ ಅದರಡಿಯ ಸಸಿಗಳು ಬೂದಿಯಾಗಿರುತ್ತವೆ. ಲಂಟಾನ ಬುಡದಿಂದ ಬೇಗ ಚಿಗುರಿ ಆ ಜಾಗ ಹಿಡಿಯುತ್ತದೆ. ಮೇಲಿಂದ ಮೇಲೆ ಬೆಂಕಿ ಬಿದ್ದ ಕಾಡು, ಮುದುಕರಷ್ಟೇ ಉಳಿದ ಊರಿನಂತೆ.

ನಮ್ಮ ಕಾಡುಗಳಲ್ಲಿ ಬಹುಪಾಲು ಬೆಂಕಿ ಹುಟ್ಟುವುದು ಮನುಷ್ಯರ ಕೈಯಿಂದ. ಸಂತ ಯಕೋಬರು ತಮ್ಮ ಪತ್ರದಲ್ಲಿ ನಾಲಿಗೆಯನ್ನು ಕಾಡು ಸುಡುವ ಕಿಡಿಗೆ ಹೋಲಿಸಿದ್ದಾರೆ. ಎರಡನ್ನೂ ಹಚ್ಚುವುದು ಸುಲಭ, ನಂದಿಸುವುದು ಕಷ್ಟ. ಆದ್ದರಿಂದ ಕಾಡಂಚಿನ ರಸ್ತೆಯಲ್ಲಿ ಬೀಡಿ ತುಂಡು ಎಸೆಯದಿರೋಣ. ಗಾಳಿ ಬೀಸುವ ಬಿಸಿಲಲ್ಲಿ ಹೊಲದ ಕಸಕ್ಕೆ ಬೆಂಕಿ ಇಡದಿರೋಣ. ಯಾತ್ರೆಗೆ ಹೋದಾಗ ಕಾಡಿನಲ್ಲಿ ಒಲೆ ಹೂಡದಿರೋಣ. ಹೊಗೆ ಕಂಡರೆ ತಡಮಾಡದೆ ಅರಣ್ಯ ಸಿಬ್ಬಂದಿಗೆ ಅಥವಾ 112ಕ್ಕೆ ತಿಳಿಸೋಣ. ಬೆಂಕಿ ಎದುರಾದರೆ ಗುಡ್ಡ ಹತ್ತಿ ಓಡಬಾರದು. ಏರಿನಲ್ಲಿ ಅದು ನಮಗಿಂತ ವೇಗವಾಗಿ ಹತ್ತುತ್ತದೆ. ಇದನ್ನು ಮಕ್ಕಳಿಗೂ ಹೇಳಿಕೊಡೋಣ.

ಪ್ರಿಯರೇ, ಪುನರುತ್ಥಾನವನ್ನು ವಿಶ್ವಾಸಿಸುವ ನಾವು ಜೀವದ ಪಕ್ಷದಲ್ಲಿರುವವರು. ನಾಳೆ ಕಾಡಾಗಬೇಕಾದ ಇಂದಿನ ಸಸಿಗಳನ್ನು ಕಾಯುವ ಎಚ್ಚರವನ್ನು ಪುನರುತ್ಥಾನರಾದ ಪ್ರಭು ನಮ್ಮ ಪ್ರತಿಯೊಂದು ಕುಟುಂಬಕ್ಕೂ ದಯಪಾಲಿಸಲಿ. ಆಮೆನ್.