ತೋಟದಲ್ಲಿ ಟೆಂಟ್, ಸ್ಟೌ ಮೇಲೆ ಟೋಸ್ಟ್

ಇವತ್ತಿನ ವಿಷಯ ಕೇಳಿದ್ರೆ ಕೆಲವರು ನಗಬಹುದು. ಬ್ರೆಡ್ ಟೋಸ್ಟ್! ಆದ್ರೆ ಮನೇಲಲ್ಲ, ಟೆಂಟ್ ಹಾಕಿದ ಕಡೆ, ಪುಟ್ಟ ಗ್ಯಾಸ್ ಸ್ಟೌ ಮೇಲೆ. ಕೊನೇವರೆಗೂ ಕೇಳಿ, ಜೀವ ಉಳಿಸೋ ಮಾತೂ ಇದೆ.

ತುಮಕೂರಲ್ಲಿ ನಮ್ಮ ವಯಸ್ಸಿನವರು ಶನಿವಾರ ಸಂಜೆ ಟೆಂಟ್ ಕಟ್ಕೊಂಡು ಹೊರಡೋದು ಈಗ ಮಾಮೂಲಿ. ಗುಬ್ಬಿ ಕಡೆ ಸ್ನೇಹಿತರ ತೆಂಗಿನ ತೋಟ, ಇಲ್ಲಾಂದ್ರೆ ಕುಣಿಗಲ್ ದಾಟಿ ಹುಲಿಯೂರುದುರ್ಗದ ಕಡೆ ನೆಂಟರ ಹೊಲ. ರಾತ್ರಿ ಊಟ ಡಬ್ಬೀಲಿ ಹೋಗುತ್ತೆ. ಬೆಳಗ್ಗೆ ಎದ್ದ ತಕ್ಷಣ ಹಸಿವು. ಅಲ್ಲಿ ಮುದ್ದೆ ತೊಳಸ್ತಾ ಕೂರೋಕಾಗುತ್ತಾ? ಅದಕ್ಕೇ ಬ್ರೆಡ್.

ಮೊದಲು ಜಾಗದ ಮಾತು. ದೇವರಾಯನದುರ್ಗದ ಕಾಡಲ್ಲಿ ಸ್ಟೌ ಹಚ್ಚೋ ಯೋಚನೆ ಬಿಟ್ಟುಬಿಡಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಬೇಸಿಗೇಲಿ ಆ ಒಣಹುಲ್ಲಿಗೆ ಒಂದು ಕಿಡಿ ಸಾಕು. ತೋಟವಾದ್ರೂ ಅಷ್ಟೇ. ಗುಬ್ಬಿ ಹತ್ರ ಒಬ್ರು ಅಜ್ಜ ನಮಗೆ ಹೇಳಿದ ಮೊದಲ ಮಾತೇ ಇದು: "ಸೋಗೆ ಹತ್ರ ಹಚ್ಬ್ಯಾಡ್ರಪ್ಪಾ, ಈ ಕಡೆ ಬನ್ನಿ." ಒಣಗಿದ ಸೋಗೆ, ಮಟ್ಟೆ, ನಾರು ಎಲ್ಲ ಗುಡಿಸಿ, ಬರೀ ಮಣ್ಣು ಕಾಣೋ ಕಡೆ ಸ್ಟೌ ಇಡಿ. ಪಕ್ಕದಲ್ಲಿ ಒಂದು ಕೊಡ ನೀರಿರಲಿ.

ಈಗ ಬ್ರೆಡ್. ನಮ್ಮೂರ ಯಾವ ಅಯ್ಯಂಗಾರ್ ಬೇಕರಿಗೆ ಹೋದ್ರೂ ಸಿಗುತ್ತೆ. ಸ್ವಲ್ಪ ದಪ್ಪಕ್ಕೆ ಕೊಯ್ಸಿ, ಹಿಂದಿನ ದಿನದ್ದಾದ್ರೆ ಇನ್ನೂ ಒಳ್ಳೇದು. ಹೊಸ ಬ್ರೆಡ್ಡಲ್ಲಿ ಹಸಿ ಜಾಸ್ತಿ, ಆ ನೀರು ಆರೋವರೆಗೂ ಬಣ್ಣ ಬರಲ್ಲ. ನೀರು ಕುದಿಯೋದು 100 ಡಿಗ್ರಿಗೆ. ಬ್ರೆಡ್ ಕೆಂಪಗಾಗಿ ಘಮ್ ಅನ್ನೋಕೆ ಸುಮಾರು 140 ಡಿಗ್ರಿ ಬೇಕು. ಆತುರಪಟ್ಟು ಉರಿ ಜೋರು ಮಾಡಿದ್ರೆ ಹೊರಗೆ ಕರಿ, ಒಳಗೆ ಹಸಿ.

ಅದಕ್ಕೆ ಚಿಕ್ಕ ಕಬ್ಬಿಣದ ಕಾವಲಿ ತಗೊಳ್ಳಿ. ಸಣ್ಣ ಉರೀಲಿ ಎರಡು ಮೂರು ನಿಮಿಷ ಕಾಯಿಸಿ. ಎಣ್ಣೆ, ಬೆಣ್ಣೆ ಏನೂ ಹಾಕ್ದೆ ಬ್ರೆಡ್ ಇಟ್ಟು, ಆಗಾಗ ಜಾಗ ಬದಲಾಯಿಸಿ. ಈ ಸ್ಟೌಗಳ ಉರಿ ಮಧ್ಯದಲ್ಲೇ ಜಾಸ್ತಿ ನೋಡಿ. ಎರಡೂ ಕಡೆ ಬಣ್ಣ ಬಂದ್ಮೇಲೆ ಬೆಣ್ಣೆ ಸವರಿ. ಮಸಾಲೆ ಟೋಸ್ಟ್ ಬೇಕಂದ್ರೆ ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿ ಪಲ್ಯ ಮನೇಲೇ ಬಾಡಿಸಿ ಡಬ್ಬೀಲಿ ಒಯ್ಯಿರಿ.

ಈಗ ನಾನು ಹೇಳಲೇಬೇಕಾದ ಎರಡು ಮಾತು.

ಒಂದು, ದೋಸೆ ಹುಯ್ಯೋ ದೊಡ್ಡ ಕಾವಲಿ ಒಯ್ಯಬೇಡಿ. ಸೂಟ್‌ಕೇಸ್ ಥರದ ಸ್ಟೌನಲ್ಲಿ ಗ್ಯಾಸ್ ಡಬ್ಬಿ ಪಕ್ಕದಲ್ಲೇ ಇರುತ್ತೆ. ಅಗಲವಾದ ಕಾವಲಿ ಅದರ ಮೇಲೆ ಚಾಚಿಕೊಂಡ್ರೆ ಬಿಸಿ ನೇರ ಡಬ್ಬಿಗೇ ಹೊಡಿಯುತ್ತೆ. ಒಳಗೆ ಒತ್ತಡ ಏರಿ ಡಬ್ಬಿ ಸಿಡೀಬಹುದು. ಗಾಳಿ ಅಂತ ಸ್ಟೌ ಸುತ್ತ ತಗಡು ಮುಚ್ಚೋದೂ ಅಷ್ಟೇ ಅಪಾಯ.

ಎರಡು, ಎಷ್ಟೇ ಚಳಿ ಇರಲಿ, ಮಳೆ ಬರಲಿ, ಟೆಂಟ್ ಒಳಗೆ ಸ್ಟೌ ಹಚ್ಚಬೇಡಿ. ಬಟ್ಟೆಗೆ ಬೆಂಕಿ ಹತ್ತೋದು ಒಂದು ಭಯ. ಇನ್ನೊಂದು ಕಣ್ಣಿಗೆ ಕಾಣಲ್ಲ: ಕಾರ್ಬನ್ ಮಾನಾಕ್ಸೈಡ್. ಗಾಳಿ ಸಾಲದೆ ಗ್ಯಾಸ್ ಸರಿಯಾಗಿ ಉರೀದಿದ್ರೆ ಅದು ಹುಟ್ಟುತ್ತೆ. ತಣ್ಣಗಿರೋ ಭಾರದ ಕಾವಲಿ ಜ್ವಾಲೆಗೆ ಒತ್ತಿಕೊಂಡಿದ್ರೆ ಇನ್ನೂ ಹೆಚ್ಚು. ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಬಿಡುತ್ತೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಸುಸ್ತಾಗಿದೆ ಅಂತ ಮಲಗಿದವರು ಏಳದೇ ಇರಬಹುದು. ಬೆಚ್ಚಗಿರಲಿ ಅಂತ ಇದ್ದಿಲ ಕೆಂಡ ಒಳಗಿಡೋದೂ ಇದೇ ಕಥೆ. ಯಾರಿಗಾದ್ರೂ ಹಾಗನ್ನಿಸಿದ್ರೆ ತಕ್ಷಣ ಹೊರಗೆ ಕರ್ಕೊಂಡು ಬನ್ನಿ, 108ಕ್ಕೆ ಫೋನ್ ಮಾಡಿ.

ಕೊನೇದಾಗಿ, ಬಿ.ಕಾಂ. ಓದಿದವರ ಬುದ್ಧಿ ಎಲ್ಲಿ ಹೋಗುತ್ತೆ? ನನ್ನ ಹತ್ರ ಗ್ಯಾಸ್ ಡಬ್ಬಿಗೂ ಸ್ಟಾಕ್ ಲೆಕ್ಕ ಇದೆ. ಹೊರಡೋ ಮುಂಚೆ ಅಡುಗೆಮನೆ ತಕ್ಕಡೀಲಿ ತೂಗ್ತೀನಿ, ವಾಪಸ್ ಬಂದ್ಮೇಲೆ ಮತ್ತೆ ತೂಗ್ತೀನಿ. ಕಮ್ಮಿಯಾದ ಗ್ರಾಂ ಅಷ್ಟೂ ಖರ್ಚು. ಎರಡು ಸಲ ಹೋಗಿಬಂದ್ರೆ ನಾಲ್ಕು ಜನಕ್ಕೆ ಎಷ್ಟು ಬೇಕು ಅಂತ ನಿಮಗೇ ಗೊತ್ತಾಗುತ್ತೆ. ಖಾಲಿ ಡಬ್ಬಿ ತೋಟದಲ್ಲಿ ಬಿಸಾಕಬೇಡಿ, ಬೆಂಕಿಗಂತೂ ಹಾಕಲೇಬೇಡಿ. ವಾಪಸ್ ತನ್ನಿ.

ಈ ಕಂತನ್ನ ಟೆಂಟ್ ಕಟ್ಕೊಂಡು ಹೊರಟಿರೋ ನಿಮ್ಮ ಸ್ನೇಹಿತರಿಗೆ ಇವತ್ತೇ ಕಳಿಸಿ. ಮುಂದಿನ ವಾರ ಸಿಗೋಣ.