ಕಾರಣ ಹುಡುಕುವ ವಿದ್ಯೆ: ಮೈಸೂರಿನ ಹಳೆಯ ಟೂ-ಸ್ಟ್ರೋಕ್ ಮೋಟಾರ್ ಸೈಕಲ್ ಪ್ರದರ್ಶನದ ಉದ್ಘಾಟನಾ ಭಾಷಣ



ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್‌ಗಳು ಇಂದಿಗೂ ರಸ್ತೆಯ ಮೇಲೆ ಓಡುತ್ತಿವೆ. ಈ ಎರಡು ಸಂಗತಿಗಳ ನಡುವಿನ ಅಂತರವನ್ನು ತುಂಬಿದವರು ಗ್ಯಾರೇಜುಗಳ ಮೆಕ್ಯಾನಿಕರು, ಲೇತ್ ಕೆಲಸದವರು, ಗುಜರಿ ರಾಶಿಯಲ್ಲಿ ಬಿಡಿಭಾಗ ಹುಡುಕಿ ತೆಗೆಯಬಲ್ಲವರು ಮತ್ತು ಹಳೆಯದೆಂಬ ಕಾರಣಕ್ಕೆ ವಾಹನವನ್ನು ಕೈಬಿಡದ ಮಾಲೀಕರು. ಆದುದರಿಂದ ಈ ಪ್ರದರ್ಶನವನ್ನು ಹೊಳೆಯುವ ಟ್ಯಾಂಕು ಮತ್ತು ಕ್ರೋಮ್ ಲೇಪದ ಸೈಲೆನ್ಸರುಗಳ ಸಾಲಾಗಿ ನೋಡುವುದಕ್ಕಿಂತ, ಆ ಹೊಳಪಿನ ಹಿಂದೆ ದುಡಿದ ಒಂದು ವಿದ್ಯೆಯ ದರ್ಶನವಾಗಿ ನೋಡುವುದು ಹೆಚ್ಚು ಉಚಿತ. ಕೆಟ್ಟದ್ದು ಯಾವುದು ಎಂದು ಕೇಳುವುದಕ್ಕೆ ಮೊದಲು ಏಕೆ ಕೆಟ್ಟಿತು ಎಂದು ಕೇಳುವುದು ಆ ವಿದ್ಯೆಯ ತಿರುಳು.

ಜಾವಾ ಎಂಬ ಹೆಸರು ಹುಟ್ಟಿದ್ದು 1929ರಲ್ಲಿ, ಅಂದಿನ ಚೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ. ಫ್ರಾಂಟಿಶೆಕ್ ಜಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯನ್ನು ಪಡೆದುಕೊಂಡು, ತನ್ನ ಉಪನಾಮದ ಮೊದಲ ಅಕ್ಷರವನ್ನೂ ಆ ಕಂಪನಿಯ ಹೆಸರಿನ ಮೊದಲ ಅಕ್ಷರವನ್ನೂ ಕೂಡಿಸಿ ಈ ಹೆಸರನ್ನು ರೂಪಿಸಿದನು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಮರುವರ್ಷ, ಜಯಚಾಮರಾಜ ಒಡೆಯರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಕಾಲದಲ್ಲಿ, ಪರವಾನಗಿಯ ಅಡಿಯಲ್ಲಿ ತಯಾರಿಕೆ ಆರಂಭವಾಯಿತು. 1973ರಿಂದ ವಾಹನಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. ಆ ಹೆಸರನ್ನು ಇರಾನಿನ ಯಜ್ದ್ ನಗರದೊಂದಿಗೆ ಜೋಡಿಸಿ ಹೇಳುವುದು ವಾಡಿಕೆ. 1978ರಲ್ಲಿ ಬಂದ ರೋಡ್‌ಕಿಂಗ್ ಮಾದರಿಯು ಕಾರ್ಖಾನೆಯ ಕೊನೆಯ ದಿನಗಳವರೆಗೂ ಉಳಿದುಕೊಂಡಿತು.

ಈ ವಾಹನಗಳ ದೋಷಗಳನ್ನು ತಿಳಿಯಬೇಕಾದರೆ ಅವುಗಳ ಇಂಜಿನ್ ಉಸಿರಾಡುವ ಕ್ರಮವನ್ನು ಮೊದಲು ತಿಳಿಯಬೇಕಾಗುತ್ತದೆ. ಫೋರ್-ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ ನಾಲ್ಕು ಸಲ ಚಲಿಸಿದಾಗ, ಅಂದರೆ ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ, ಒಂದು ಸಲ ಶಕ್ತಿ ಹುಟ್ಟುತ್ತದೆ. ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಶಕ್ತಿ ಹುಟ್ಟುತ್ತದೆ. ಇಲ್ಲಿ ಗಾಳಿಯನ್ನು ಒಳಬಿಡುವ ಮತ್ತು ಹೊಗೆಯನ್ನು ಹೊರಬಿಡುವ ವಾಲ್ವುಗಳಿಲ್ಲ; ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು, ಅಂದರೆ ಪೋರ್ಟುಗಳನ್ನು, ಪಿಸ್ಟನ್ ತಾನೇ ಮುಚ್ಚಿ ತೆರೆಯುತ್ತದೆ. ಪಿಸ್ಟನ್ ಮೇಲೇರಿದಾಗ ಅದರ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಒತ್ತಡ ಕಡಿಮೆಯಾಗಿ ಕಾರ್ಬೊರೇಟರಿನಿಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳನುಗ್ಗುತ್ತದೆ. ಕೆಳಗಿಳಿದಾಗ ಅದೇ ಮಿಶ್ರಣ ಒತ್ತಲ್ಪಟ್ಟು ಮೇಲಿನ ಕೋಣೆಗೆ ಏರುತ್ತದೆ. ಕ್ರ್ಯಾಂಕ್ ಕೋಣೆಯನ್ನೇ ಪಂಪಾಗಿಸುವ ಈ ಉಪಾಯಕ್ಕೆ 1891ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ. ಒಳಬರುವ ದಾರಿಯನ್ನೂ ಪಿಸ್ಟನ್ನಿನ ಅಂಚಿನಿಂದಲೇ ನಿಯಂತ್ರಿಸುವಂತೆ ಅದನ್ನು ಸರಳಗೊಳಿಸಿದವನು ಅವನ ಕಾರ್ಖಾನೆಯ ಕೆಲಸಗಾರ ಫ್ರೆಡೆರಿಕ್ ಕಾಕ್. ಟೂ-ಸ್ಟ್ರೋಕ್ ಇಂಜಿನ್ನಿನ ಚರಿತ್ರೆಯಲ್ಲಿ ಕಾರ್ಮಿಕನ ಕೈ ಆರಂಭದಿಂದಲೇ ಇದೆ ಎಂಬುದನ್ನು ಈ ಸಂದರ್ಭದಲ್ಲಿ ನೆನೆಯುವುದು ಯುಕ್ತವಾಗಿದೆ.

ಕ್ರ್ಯಾಂಕ್ ಕೋಣೆ ಪಂಪಿನ ಕೆಲಸ ಮಾಡುವುದರಿಂದ ಅಲ್ಲಿ ಆಯಿಲ್ ತುಂಬಿಡಲು ಸಾಧ್ಯವಿಲ್ಲ. ಆದಕಾರಣ ಈ ಹಳೆಯ ವಾಹನಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸಲಾಗುತ್ತದೆ. 25ಕ್ಕೆ 1ರ ಪ್ರಮಾಣವೆಂದರೆ ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್, 20ಕ್ಕೆ 1ರ ಪ್ರಮಾಣವೆಂದರೆ 50 ಮಿಲಿಲೀಟರ್ ಆಯಿಲ್. ಪೆಟ್ರೋಲ್ ಬಂಕುಗಳಲ್ಲಿ ಕೈಯಿಂದ ಒತ್ತಿ ಟೂ-ಟಿ ಆಯಿಲ್ ಹಾಕುತ್ತಿದ್ದ ಪುಟ್ಟ ಪಂಪು ಒಂದು ತಲೆಮಾರಿನ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಹೊಗೆ ಕಡಿಮೆಯಾಗಲೆಂದು ಆಯಿಲಿನ ಅಳತೆಯನ್ನು ಮನಬಂದಂತೆ ಇಳಿಸಿದವರು ಕೊನೆಗೆ ಸೀಜ್ ಆದ, ಅಂದರೆ ಸಿಲಿಂಡರಿನಲ್ಲಿ ಬಿಗಿದು ಹಿಡಿದುಕೊಂಡ, ಪಿಸ್ಟನ್ನನ್ನು ಕೈಯಲ್ಲಿ ಹಿಡಿದು ನಿಲ್ಲಬೇಕಾಗುತ್ತದೆ.

ಪ್ರದರ್ಶನದಲ್ಲಿರುವ ಹಳೆಯ ಜಾವಾದ ಬಳಿ ಬಾಗಿ ನೋಡಿದರೆ ಅದರ ರಚನೆಯ ಜಾಣತನ ಕಣ್ಣಿಗೆ ಬೀಳುತ್ತದೆ. 65 ಮಿಲಿಮೀಟರ್ ವ್ಯಾಸದ ಒಂದೇ ಸಿಲಿಂಡರಿನಿಂದ ಎರಡು ಹೊಗೆ ಕೊಳವೆಗಳು ಹೊರಟು ಇಬ್ಬದಿಯ ಸೈಲೆನ್ಸರುಗಳನ್ನು ಸೇರುತ್ತವೆ. ಎಡಗಡೆಯ ಒಂದೇ ಲಿವರು ಎರಡು ಕೆಲಸ ಮಾಡುತ್ತದೆ: ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್ಕರ್, ಇಂಜಿನ್ ಎದ್ದ ಮೇಲೆ ಮುಂದಕ್ಕೆ ತಂದರೆ ಅದೇ ಗೇರ್. ಗೇರ್ ಬದಲಿಸುವಾಗ ಕ್ಲಚ್ ತಾನಾಗಿ ಬಿಡುವಂತೆ ಒಳಗೆ ಏರ್ಪಾಡು ಇರುವುದರಿಂದ ಕೈಯ ಕ್ಲಚ್ ಹಿಡಿಯದೆಯೂ ಗೇರ್ ಹಾಕಬಹುದು. ಇಷ್ಟು ಸರಳವಾದ ಯಂತ್ರದಲ್ಲಿ ಪ್ರತಿಯೊಂದು ಭಾಗವೂ ಇನ್ನೊಂದನ್ನು ಅವಲಂಬಿಸಿರುವುದರಿಂದ, ಒಂದರ ದೋಷ ಇನ್ನೊಂದರ ಲಕ್ಷಣವಾಗಿ ಕಾಣಿಸಿಕೊಳ್ಳುತ್ತದೆ.

ವರ್ಷಗಟ್ಟಲೆ ಕೊಟ್ಟಿಗೆಯಲ್ಲೋ ಹಿತ್ತಲಿನಲ್ಲೋ ನಿಂತ ವಾಹನ ಕೈಗೆ ಬಂದಾಗ ಮೊದಲು ಹುಟ್ಟುವ ಆಸೆಯೆಂದರೆ ಒಂದು ಕಿಕ್ ಹೊಡೆದು ನೋಡುವುದು. ಬಲ್ಲವರು ಮೊದಲು ತಡೆಯುವುದೂ ಆ ಆಸೆಯನ್ನೇ. ಒಣಗಿದ ಸಿಲಿಂಡರಿನಲ್ಲಿ ತುಕ್ಕು ಹಿಡಿದ ರಿಂಗುಗಳು ಗೋಡೆಯನ್ನು ಗೀರಿದರೆ ಉಳಿಯಬಹುದಾಗಿದ್ದ ಬೋರು ಹಾಳಾಗುತ್ತದೆ. ಪ್ಲಗ್ ಬಿಚ್ಚಿ, ಆ ರಂಧ್ರದಿಂದ ಸ್ವಲ್ಪ ಆಯಿಲ್ ಹನಿಸಿ, ಒಂದೆರಡು ದಿನ ಬಿಟ್ಟು, ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸುವುದು ಸರಿಯಾದ ಕ್ರಮ. ಅನಂತರ ಟ್ಯಾಂಕಿನ ಒಳಗೆ ಬೆಳಕು ಬಿಟ್ಟು ನೋಡಬೇಕು. ತುಕ್ಕಿನ ಪುಡಿ ಅಲ್ಲಿ ಉಳಿದಿದ್ದರೆ ಕಾರ್ಬೊರೇಟರಿನ ಜೆಟ್ಟನ್ನು, ಅಂದರೆ ಪೆಟ್ರೋಲನ್ನು ಅಳೆದು ಬಿಡುವ ಸೂಕ್ಷ್ಮ ರಂಧ್ರದ ಹಿತ್ತಾಳೆಯ ತುಣುಕನ್ನು, ಎಷ್ಟು ಸಲ ತೊಳೆದರೂ ಅದು ಮತ್ತೆ ಕಟ್ಟಿಕೊಳ್ಳುತ್ತದೆ. ಜೆಟ್ಟಿಗೆ ತಂತಿ ಚುಚ್ಚಿ ಸ್ವಚ್ಛಗೊಳಿಸಿದರೆ ರಂಧ್ರ ಹಿಗ್ಗಿ ಅಳತೆ ಶಾಶ್ವತವಾಗಿ ಕೆಡುವುದರಿಂದ ಗಾಳಿಯ ಒತ್ತಡದಿಂದ ಊದುವುದೇ ಕ್ಷೇಮ.

ಬೆಂಕಿಯ ಕಿಡಿಯ ಪರೀಕ್ಷೆ ಎರಡನೆಯದು. ಆರಂಭದ ಮಾದರಿಗಳು 6 ವೋಲ್ಟಿನ ಬ್ಯಾಟರಿಯಿಂದಲೇ ಕಿಡಿ ಪಡೆಯುವುದರಿಂದ, ಬ್ಯಾಟರಿ ಸೊರಗಿದ್ದಾಗ ಕಾರ್ಬೊರೇಟರನ್ನು ಶಂಕಿಸುವುದು ವ್ಯರ್ಥ ಶ್ರಮ. ಕಿಡಿ ಹಾರುವ ಕ್ಷಣವನ್ನು ನಿರ್ಧರಿಸುವ ಪಾಯಿಂಟುಗಳ ತುದಿಗಳ ನಡುವೆ ಸುಮಾರು 0.4 ಮಿಲಿಮೀಟರ್, ಪ್ಲಗ್ಗಿನ ತುದಿಗಳ ನಡುವೆ ಸುಮಾರು 0.6 ಮಿಲಿಮೀಟರ್ ಅಂತರವಿರಬೇಕು. ಇದನ್ನು ಫೀಲರ್ ಗೇಜ್ ಎಂಬ ತೆಳು ಪಟ್ಟಿಗಳಿಂದ ಅಳೆಯಲಾಗುತ್ತದೆ. ಪಾಯಿಂಟುಗಳ ನಡುವೆ ಕಿಡಿ ಅತಿಯಾಗಿ ಹಾರಿ ತುದಿಗಳು ಸುಡುತ್ತಿದ್ದರೆ ಸಾಮಾನ್ಯವಾಗಿ ತಪ್ಪು ಪಾಯಿಂಟಿನದಲ್ಲ, ಅದರ ಜೊತೆಗಿರುವ ಕಂಡೆನ್ಸರಿನದು. ಓಡಿಸಿ ಬಂದ ಇಂಜಿನ್ನಿನಿಂದ ಪ್ಲಗ್ ಬಿಚ್ಚಿ ನೋಡಿದರೆ ಒಳಗಿನ ಆರೋಗ್ಯ ಬಣ್ಣದಲ್ಲಿ ಕಾಣುತ್ತದೆ: ತೆಳುಗಂದು ಬಣ್ಣ ಸರಿಯಾದ ದಹನದ ಗುರುತು, ಒದ್ದೆಯಾದ ಕಪ್ಪು ಬಣ್ಣ ಹೆಚ್ಚಾದ ಪೆಟ್ರೋಲ್ ಅಥವಾ ಆಯಿಲಿನ ಗುರುತು, ಸುಣ್ಣದಂಥ ಬಿಳಿ ಬಣ್ಣ ಗಾಳಿ ಹೆಚ್ಚಾಗಿ ಇಂಜಿನ್ ಅತಿಯಾಗಿ ಕಾಯುತ್ತಿರುವುದರ ಎಚ್ಚರಿಕೆ.

ಟೂ-ಸ್ಟ್ರೋಕ್ ದುರಸ್ತಿಯಲ್ಲಿ ಅತ್ಯಂತ ಹೆಚ್ಚು ದಾರಿ ತಪ್ಪಿಸುವ ಭಾಗವೆಂದರೆ ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ಆಯಿಲ್ ಸೀಲುಗಳು. ಪಿಸ್ಟನ್ ಮೇಲೇರುವಾಗಲೆಲ್ಲ ಕೋಣೆ ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳಲು ಹವಣಿಸುತ್ತದೆ. ಸೀಲುಗಳ ರಬ್ಬರಿನ ತುಟಿ ವಯಸ್ಸಾಗಿ ಗಟ್ಟಿಯಾದರೆ ಆ ಹವಣಿಕೆಗೆ ತಡೆಯಿಲ್ಲ. ಜಾವಾದ ಎಡಗಡೆಯ ಸೀಲು ಹೋದರೆ ಗೇರ್ ಬಾಕ್ಸಿನ ಆಯಿಲ್ ಇಂಜಿನ್ನಿನೊಳಗೆ ಸೇರಿ ಸುಡುತ್ತದೆ: ದಟ್ಟ ಹೊಗೆ ನಿಲ್ಲುವುದಿಲ್ಲ, ಪ್ಲಗ್ ಒದ್ದೆಯಾಗುತ್ತದೆ, ನೆಲದ ಮೇಲೆ ಒಂದು ಹನಿಯೂ ಸೋರದೆ ಗೇರ್ ಬಾಕ್ಸಿನ ಆಯಿಲ್ ಮಟ್ಟ ಇಳಿಯುತ್ತ ಹೋಗುತ್ತದೆ. ಬಲಗಡೆ, ಡೈನಮೊದ ಹಿಂದಿರುವ ಸೀಲು ಹೋದರೆ ಆಯಿಲಿಗೆ ಬದಲಾಗಿ ಬರಿಯ ಗಾಳಿ ಒಳಸೇರುತ್ತದೆ: ಎಕ್ಸಿಲರೇಟರ್ ಬಿಟ್ಟರೂ ಇಂಜಿನ್ನಿನ ವೇಗ ಇಳಿಯುವುದಿಲ್ಲ, ಪ್ಲಗ್ ಬೆಳ್ಳಗಾಗುತ್ತದೆ, ಕೊನೆಗೆ ದೂರ ಪ್ರಯಾಣದ ನಡುವೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಾರಣ ತಿಳಿಯದವರು ಮೊದಲನೆಯ ಸಂದರ್ಭದಲ್ಲಿ ರಿಂಗು ಬದಲಿಸುತ್ತಾರೆ, ಎರಡನೆಯ ಸಂದರ್ಭದಲ್ಲಿ ರೀಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಗೋಡೆಯನ್ನು ಕೊರೆಸಿ ಹಿಗ್ಗಿಸಿ, ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಹಣ ಖರ್ಚಾಗುತ್ತದೆ, ರೋಗ ಉಳಿಯುತ್ತದೆ, ಮತ್ತೆ ಸಿಗದ ಸಿಲಿಂಡರ್ ಬ್ಲಾಕಿನ ಗೋಡೆ ಪ್ರತಿ ಸಲವೂ ಸವೆಯುತ್ತದೆ. ಕಾರ್ಬೊರೇಟರಿನ ದಾರಿಯನ್ನೂ ಎರಡೂ ಹೊಗೆ ದಾರಿಗಳನ್ನೂ ಮುಚ್ಚಿ, ಒಳಗೆ ಸುಮಾರು 6 ಪಿಎಸ್‌ಐ ಒತ್ತಡದ ಗಾಳಿ ತುಂಬಿ, ಸೀಲು ಮತ್ತು ಪ್ಯಾಕಿಂಗುಗಳ ಅಂಚಿಗೆ ಸೋಪಿನ ನೀರು ಹಚ್ಚಿದರೆ, ಸೋರುವ ಜಾಗದಲ್ಲಿ ಗುಳ್ಳೆ ಎದ್ದು ತಪ್ಪಿತಸ್ಥ ಭಾಗ ತಾನೇ ತೋರಿಬರುತ್ತದೆ. ಅರ್ಧ ಗಂಟೆಯ ಈ ಪರೀಕ್ಷೆ ಒಂದು ಇಂಜಿನ್ನನ್ನೇ ಉಳಿಸಬಲ್ಲದು.

ಉಸಿರು ಒಳಬರುವಷ್ಟೇ ಸರಾಗವಾಗಿ ಹೊರಹೋಗಬೇಕು. ಸುಟ್ಟ ಆಯಿಲಿನ ಮಸಿ ಹೊಗೆ ಕಿಂಡಿಯಲ್ಲಿಯೂ ಸೈಲೆನ್ಸರಿನಲ್ಲಿಯೂ ಕಿಟ್ಟದಂತೆ ಗಟ್ಟಿಯಾದಾಗ, ವಾಹನ ಸಲೀಸಾಗಿ ಸ್ಟಾರ್ಟ್ ಆಗಿಯೂ ಏರಿನಲ್ಲಿ ಎಳೆಯಲಾರದೆ ಸೋಲುತ್ತದೆ. ಸಿಲಿಂಡರ್ ಹೆಡ್ ಬಿಚ್ಚಿ, ಪಿಸ್ಟನ್ನಿಗೆ ಗೀರು ಬೀಳದಂತೆ ಮರದ ಚೂರಿನಿಂದ ಮಸಿ ಕೆರೆದು, ಸೈಲೆನ್ಸರಿನ ಒಳಗೊಳವೆಯನ್ನು ತೆಗೆದು ಸ್ವಚ್ಛಗೊಳಿಸಿದರೆ, ಇಳಿಮುಖವಾಗಿದ್ದ ಇಂಜಿನ್ನು ಹೊಸ ಭಾಗದ ಖರ್ಚಿಲ್ಲದೆ ಚೇತರಿಸಿಕೊಳ್ಳುತ್ತದೆ.

ದುರಸ್ತಿಯ ಜೊತೆಯಲ್ಲಿಯೇ ಮೂಲರೂಪದ ಪ್ರಶ್ನೆಯೂ ಬರುತ್ತದೆ. ಕೇಂದ್ರ ಸರ್ಕಾರವು 2021ರಲ್ಲಿ ಹೊರಡಿಸಿದ ನಿಯಮಗಳು 50 ವರ್ಷ ದಾಟಿದ, ಮೂಲರೂಪದಲ್ಲಿ ಕಾಪಾಡಲ್ಪಟ್ಟ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಿ, ಅವುಗಳಿಗೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಗೆ ಅವಕಾಶ ಕಲ್ಪಿಸಿವೆ. ಕಾನೂನು ಒಂದು ಮೆಟ್ಟಿಲು ಮಾತ್ರ; ಮೂಲದ ಬಣ್ಣ ಮಾಸಿದ್ದರೂ ಉಳಿದಿರುವ ಟ್ಯಾಂಕನ್ನು ಉಜ್ಜಿ ಹೊಸ ಬಣ್ಣ ಬಳಿಯುವ ಮೊದಲು ಒಮ್ಮೆ ಯೋಚಿಸುವ ವಿವೇಕ ಮಾಲೀಕರಿಂದಲೇ ಬರಬೇಕಾಗಿದೆ. ಹಾಗೆಂದು ಸುರಕ್ಷತೆಯಲ್ಲಿ ರಾಜಿ ಸಲ್ಲದು: ಬಿರುಕು ಬಿಟ್ಟ ಟೈರು, ಸವೆದ ಬ್ರೇಕ್ ಲೈನರು ಮತ್ತು ಒಣಗಿದ ಪೆಟ್ರೋಲ್ ಪೈಪುಗಳನ್ನು ಮೂಲದ್ದೆಂದು ಉಳಿಸಿಕೊಳ್ಳಬಾರದು. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬಂದಿರುವ ಈ ಕಾಲದಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ, ಏಕೆಂದರೆ ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ ಮತ್ತು ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತಳದಲ್ಲಿ ತುಕ್ಕಿಗೆ ದಾರಿಮಾಡುತ್ತದೆ. ವಾರಗಟ್ಟಲೆ ನಿಲ್ಲಿಸುವ ವಾಹನದ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಉಳಿಸದಿರುವುದು ಇದಕ್ಕೆ ಸುಲಭ ಪರಿಹಾರ.

ಟೂ-ಸ್ಟ್ರೋಕ್ ಇಂಜಿನ್ನಿನ ಮಿತಿಯನ್ನು ಮರೆಮಾಚುವುದು ಅದರ ಮೇಲಿನ ಪ್ರೀತಿಗೆ ಶೋಭಿಸುವುದಿಲ್ಲ. ಹೊಗೆ ಕಿಂಡಿ ತೆರೆದಿರುವಾಗಲೇ ಹೊಸ ಮಿಶ್ರಣ ಒಳಬರುವುದರಿಂದ ಅದರ ಒಂದಿಷ್ಟು ಭಾಗ ಸುಡದೆ ಹೊರಗೆ ಹೋಗುತ್ತದೆ. 1996ರಲ್ಲಿ ಮತ್ತು 2000ದಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ಈ ಬಗೆಯ ಮೋಟಾರ್ ಸೈಕಲ್‌ಗಳು ಮಾರುಕಟ್ಟೆಯಿಂದ ಸರಿದದ್ದಕ್ಕೆ ಇದೇ ಮುಖ್ಯ ಕಾರಣ. ನಿತ್ಯದ ಓಡಾಟಕ್ಕೆ ಅವು ಮರಳಬೇಕಾಗಿಲ್ಲ. ಸರಿಯಾದ ಅಳತೆಯ ಆಯಿಲ್, ಸೋರದ ಸೀಲು, ತೆಳುಗಂದು ಬಣ್ಣದ ಪ್ಲಗ್ ಇರುವ ವಾಹನ ಅಪರೂಪಕ್ಕೆ ರಸ್ತೆಗಿಳಿದರೆ, ಅದು ಒಂದು ಕಾಲದ ತಾಂತ್ರಿಕ ಪರಂಪರೆಗೆ ಸಲ್ಲುವ ಗೌರವವಾಗುತ್ತದೆ.

ಈ ಪರಂಪರೆಯ ಬಹುಭಾಗ ಇಂದಿಗೂ ಕಾಗದಕ್ಕೆ ಇಳಿದಿಲ್ಲ. ಕಿಕ್ಕರ್ ತುಳಿದಾಗ ಕಾಲಿಗೆ ಸಿಗುವ ತಡೆಯಿಂದ ರಿಂಗಿನ ಸ್ಥಿತಿ ಹೇಳಬಲ್ಲವರು, ಸೈಲೆನ್ಸರಿನ ಸದ್ದಿನಲ್ಲಿ ಟೈಮಿಂಗಿನ ವ್ಯತ್ಯಾಸ ಹಿಡಿಯಬಲ್ಲವರು, ಹೊಗೆಯ ವಾಸನೆಯಿಂದಲೇ ಸುಡುತ್ತಿರುವುದು ಟೂ-ಟಿ ಆಯಿಲೋ ಗೇರ್ ಆಯಿಲೋ ಎಂದು ತಿಳಿಯಬಲ್ಲವರು ಮುಪ್ಪಿನತ್ತ ಸಾಗುತ್ತಿದ್ದಾರೆ. ಅವರ ತಿಳಿವಳಿಕೆ ಕನ್ನಡದಲ್ಲಿದೆ. ಅದನ್ನು ಕನ್ನಡದಲ್ಲಿಯೇ, ಗ್ಯಾರೇಜಿನ ಮಾತುಗಳಲ್ಲಿಯೇ, ಚಿತ್ರ ಮತ್ತು ಅಳತೆಗಳೊಂದಿಗೆ ದಾಖಲಿಸುವುದು ವಾಹನಗಳನ್ನು ಕಾಪಾಡುವಷ್ಟೇ ತುರ್ತಿನ ಕೆಲಸ. ಐಟಿಐ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಈ ಹಿರಿಯರ ಪಕ್ಕದಲ್ಲಿ ಕೂತು ಒಂದು ಇಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ ಜೋಡಿಸಿದರೆ, ಲಕ್ಷಣದಿಂದ ಕಾರಣಕ್ಕೆ ಹಿಂದಿರುಗಿ ನಡೆಯುವ ಅಭ್ಯಾಸ ಅವರಿಗೆ ಮುಂದಿನ ಯಾವ ಯಂತ್ರದ ಮುಂದೆಯೂ ನೆರವಾಗುತ್ತದೆ.

ಆದುದರಿಂದ ಪ್ರದರ್ಶನಕ್ಕೆ ಬಂದ ಪ್ರತಿಯೊಬ್ಬರಲ್ಲಿಯೂ ಒಂದು ವಿನಂತಿಯಿದೆ: ಇಲ್ಲಿರುವ ಪ್ರತಿ ವಾಹನದ ಬಳಿಯೂ ಅದರ ಬೆಲೆ ಎಷ್ಟೆಂದು ಕೇಳುವ ಮೊದಲು, ಅದಕ್ಕೆ ಏನಾಗಿತ್ತು ಮತ್ತು ಕಾರಣ ಹೇಗೆ ಸಿಕ್ಕಿತು ಎಂದು ಕೇಳಬೇಕು. ಆ ಉತ್ತರಗಳನ್ನು ಹೇಳಬಲ್ಲ ಮೆಕ್ಯಾನಿಕರಲ್ಲಿ ಅತ್ಯಂತ ಹಿರಿಯರು ಈಗ ವೇದಿಕೆಯ ಮುಂದಿರುವ ಜಾವಾದ ಲಿವರನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ಕಿಕ್ ಹೊಡೆಯಲಿದ್ದಾರೆ. ಆ ಇಂಜಿನ್ನಿನ ಮೊದಲ ಸದ್ದಿನೊಂದಿಗೆ ಈ ಪ್ರದರ್ಶನ ಉದ್ಘಾಟನೆಗೊಳ್ಳಲಿ.