ಕ್ಯಾಂಪಸ್ಸಿನಲ್ಲಿ ನೆಟ್ ಕೈಕೊಟ್ಟಾಗ

ವೇರೂಳಿನ ಕೈಲಾಸ ನೋಡಲು ಹೋಗುವವರು ಇಳಿದುಕೊಳ್ಳುವ ಛತ್ರಪತಿ ಸಂಭಾಜಿನಗರದಲ್ಲಿ 1958ರಿಂದಲೂ ವಿಶ್ವವಿದ್ಯಾಲಯವಿದೆ. ಅಲ್ಲಿನ ಹಾಸ್ಟೆಲಿರಲಿ, ನಮ್ಮೂರಿನದಿರಲಿ, ಪರೀಕ್ಷೆ ಅರ್ಜಿಯ ಕೊನೆಯ ದಿನವೇ ನೆಟ್ ಹೋದರೆ ವಿದ್ಯಾರ್ಥಿಯ ಪಾಡು ಒಂದೇ.

ಮೊದಲು ವಯರ್ ನೋಡಿ. ಪಕ್ಕದ ಕೋಣೆಯವರನ್ನು ಕೇಳಿ. ಅವರಿಗೂ ಇಲ್ಲವೆಂದರೆ ನಿಮ್ಮ ಕಂಪ್ಯೂಟರನ್ನು ಬೈಯಬೇಡಿ. ಅವರಿಗಿದ್ದರೆ ನಿಮ್ಮ ಐಪಿ ವಿಳಾಸ ನೋಡಿ. ಅದು 169.254ರಿಂದ ಶುರುವಾಗಿದ್ದರೆ ಕ್ಯಾಂಪಸ್ ಸರ್ವರಿನಿಂದ ವಿಳಾಸ ಬಂದಿಲ್ಲ, ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ರಿನ್ಯೂ ಆದೇಶ ಕೊಟ್ಟರೆ ಅದು ಮತ್ತೊಮ್ಮೆ ವಿಳಾಸ ಕೇಳುತ್ತದೆ.

ವಿಳಾಸ ಸರಿಯಿದ್ದೂ ನೆಟ್ ಇಲ್ಲವೇ? ಕಂಪ್ಯೂಟರ್ ಕೇಂದ್ರದವರೇ ಕಡಿದಿರಬಹುದು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ವರ್ಮ್ ಹರಡಿದಾಗ ಅಮೆರಿಕದ ಹಲವು ಕ್ಯಾಂಪಸ್ಸುಗಳು ಸೋಂಕಿತ ಯಂತ್ರಗಳನ್ನು ಹೀಗೇ ಹೊರಗಿಟ್ಟವು. ಅದನ್ನು ತಡೆಯುವ ಮೈಕ್ರೋಸಾಫ್ಟ್ ಪ್ಯಾಚ್ ಜುಲೈಯಲ್ಲೇ ಬಂದಿತ್ತು, ಹಾಕಿಕೊಂಡವರು ಕಡಿಮೆ! ಇಂಥ ಸಂದರ್ಭದಲ್ಲಿ ರೀಸ್ಟಾರ್ಟ್ ಮಾಡಿ ಫಲವಿಲ್ಲ. ಯಂತ್ರದ ವೈರಸ್ ತೆಗೆಸಿ, ಅಪ್‌ಡೇಟ್ ಹಾಕಿ, ಆಮೇಲೆ ಕೇಂದ್ರಕ್ಕೆ ಹೋಗಿ ಸಂಪರ್ಕ ಕೇಳಿ. ಗೆಳೆಯನ ಪೆನ್‌ಡ್ರೈವ್ ತಂದರೆ ಅದನ್ನೂ ಸ್ಕ್ಯಾನ್ ಮಾಡಿ.

ಅಷ್ಟರೊಳಗೆ ಅರ್ಜಿಯನ್ನು ಲೈಬ್ರರಿಯ ಕಂಪ್ಯೂಟರಿನಿಂದ ಹಾಕಿಬಿಡಿ.